ಮೂವತ್ತೆರಡು ಡಿಗ್ರಿ ಜಗಲಿ

ಖುರ್ಷಿದಾ ಬೇಗಂ ಅವರ ಬಗ್ಗೆ ಬರೆಯಬೇಕು ಅಂತ ನನಗೇನೂ ಆಸೆಯಿಲ್ಲ. ಅವರ ಕೈಯಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಆದರೆ ತುಮಕೂರಿನ ಶಿರಾ ಗೇಟ್ ಹಿಂದಿನ ನಮ್ಮ ಬೀದಿಯಲ್ಲಿ ಒಬ್ಬೊಬ್ಬರೂ ಆ ಕಥೆಯನ್ನು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಒಬ್ಬರ ಬಾಯಲ್ಲಿ ನಾನು ಅಳುತ್ತೇನೆ. ಇನ್ನೊಬ್ಬರ ಬಾಯಲ್ಲಿ ಮಂಚದಿಂದ ಕೆಳಗೆ ಬೀಳುತ್ತೇನೆ. ನಾನು ಅತ್ತಿಲ್ಲ, ಬಿದ್ದೂ ಇಲ್ಲ. ಮಿಕ್ಕಿದ್ದೆಲ್ಲ ನಿಜ. ಅದನ್ನು ನಾನೇ ಬರೆದುಬಿಡುವುದು ವಾಸಿ.

ನನ್ನ ಹೆಸರು ಅನಂತರಾಜು. ಬಿ.ಎಸ್ಸಿ., ಗಣಿತ. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ನಮ್ಮ ಮನೆಯ ಮಹಡಿಯ ಮೇಲೆ ಟ್ಯುಟೋರಿಯಲ್ ನಡೆಸುತ್ತಿದ್ದೆ. ಪಕ್ಕದ ಮನೆ ಬೇಗಂ ಅವರದು, ನಡುವೆ ಒಂದೇ ಕಾಂಪೌಂಡ್ ಗೋಡೆ. ಅವರ ಕಸುಬು ಮೊಟ್ಟೆಗೆ ಮೆಷಿನ್ನಿನಲ್ಲಿ ಕಾವು ಕೊಟ್ಟು ಮರಿ ಮಾಡಿಸುವುದು. ನಾನು ಈ ಕಡೆ ಪ್ರಮೇಯ ಹೇಳಿಕೊಡುತ್ತಿದ್ದರೆ ಆ ಕಡೆಯಿಂದ ಆರುನೂರು ಕೋಳಿಮರಿ ಒಟ್ಟಿಗೆ ಚಿಂವ್ ಚಿಂವ್ ಅನ್ನುತ್ತಿದ್ದವು. ನನ್ನ ಶಿಷ್ಯರು ಮರಿಗಳ ಪಾಠವನ್ನೇ ಹೆಚ್ಚು ಗಮನವಿಟ್ಟು ಕೇಳುತ್ತಿದ್ದರು ಅಂತ ನನಗೆ ಈಗಲೂ ಅನುಮಾನ.

ಬೇಗಂ ಅವರ ಯಜಮಾನರ ಹೆಸರು ಖುರ್ಷಿದ್ ಪಾಷಾ. ಗಂಡ ಖುರ್ಷಿದ್, ಹೆಂಡತಿ ಖುರ್ಷಿದಾ. ಪೋಸ್ಟ್‌ಮ್ಯಾನ್ ಯಾರ ಕಾಗದ ಯಾರಿಗೆ ಅಂತ ತಲೆ ಕೆಡಿಸಿಕೊಳ್ಳದೆ ಎಲ್ಲವನ್ನೂ ಬೇಗಂ ಕೈಗೇ ಕೊಡುತ್ತಿದ್ದ. ಅವನಿಗೆ ಆ ಮನೆಯ ವ್ಯವಹಾರ ಸರಿಯಾಗಿ ಗೊತ್ತಿತ್ತು. ಪಾಷಾ ಬಡಗಿ. ಕೈ ತುಂಬಾ ಚೊಕ್ಕ, ಮಾತು ತುಂಬಾ ಕಡಿಮೆ. ಮಾತಿನ ಖಾತೆ ಪೂರ್ತಿ ಹೆಂಡತಿಗೆ ಬಿಟ್ಟುಕೊಟ್ಟು ಆತ ನೆಮ್ಮದಿಯಾಗಿದ್ದರು.

ಬೇಗಂ ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ಅವರ ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಕುದುರೆಗೆ ಮೈ ಬಿಸಿಯಾದರೆ ಜ್ವರ ನೋಡುವ ಕೆಲಸವೂ ಅವರದೇ. ಕುದುರೆಯ ಥರ್ಮಾಮೀಟರನ್ನು ಬಾಯಿಗೆ ಇಡುವುದಿಲ್ಲ, ಬಾಲ ಎತ್ತಿ ಇಡುತ್ತಾರೆ. ಅದು ಒಳಗೇ ಹೋಗಿಬಿಡಬಾರದು ಅಂತ ತುದಿಗೆ ದಾರ ಕಟ್ಟಿರುತ್ತಾರೆ. ಏಳು ವರ್ಷದ ಖುರ್ಷಿದಾ ಆ ದಾರ ಹಿಡಿದು ನಿಂತಿರಬೇಕು, ಅಪ್ಪ ಅದನ್ನು ಎಳೆದು ಒರೆಸಿ ಕೊಟ್ಟ ಮೇಲೆ ಎಷ್ಟಿದೆ ಅಂತ ಓದಿ ಹೇಳಬೇಕು. "ನೀವು ಅಂಕಿ ಕಲ್ತಿದ್ದು ಬೋರ್ಡ್ ಮುಂದೆ, ನಾನು ಕಲ್ತಿದ್ದು ಕುದುರೆ ಹಿಂದೆ. ಅಷ್ಟೇ ಡಿಫರೆನ್ಸು ಮಾಸ್ಟ್ರೇ" ಅಂತ ಒಂದು ದಿನ ನನ್ನ ಹೆಂಡತಿ ಸುಧಾ ಎದುರಿಗೇ ಹೇಳಿದರು. ಸುಧಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಬೇಗಂ ಶಾಲೆಗೆ ಹೋದದ್ದು ಉರ್ದುವಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಕನ್ನಡ ಮಾತಾಡಿದರೆ ಅರಳು ಹುರಿದ ಹಾಗೆ, ಆದರೆ ಓದಲು ಒಂದಕ್ಷರ ಬಾರದು. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ, ತೊಂಬತ್ತೊಂದರಲ್ಲಿ, ಯಾರೋ ಬೇಡವೆಂದು ಬಿಸಾಕಿದ ಮರದ ಬೀರುವೊಂದನ್ನು ಪಾಷಾ ಹೊತ್ತು ತಂದರು. ಅದಕ್ಕೆ ತಟ್ಟೆಗಳನ್ನು ಕೂರಿಸಿ, ಬಲ್ಬು ಹಾಕಿ ಮೆಷಿನ್ ಮಾಡಿದರು. ಮೊದಲ ಸಲ ಮೂವತ್ತು ಮೊಟ್ಟೆಗೆ ಇಪ್ಪತ್ತೆರಡು ಮರಿ. ಕರೆಂಟು ಹೋದರೆ ಬಿಸಿನೀರಿನ ಪಾತ್ರೆ ಒಳಗಿಟ್ಟು, ಬಿಸಿ ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ ಒಂದು ಮೊಟ್ಟೆ ತೆಗೆದು ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. "ನೂರಕ್ಕೆ ಅರ್ಧ ಕಮ್ಮಿ" ಅನ್ನುತ್ತಿದ್ದರು. ಥರ್ಮಾಮೀಟರ್ ನೋಡಿದರೆ ತೊಂಬತ್ತೊಂಬತ್ತೂವರೆ ಫ್ಯಾರನ್‌ಹೀಟ್. ನನಗೆ ಇದು ಕಂಡು ಹೊಟ್ಟೆಯುರಿ ಅಂತ ಸುಧಾ ಹೇಳುತ್ತಿದ್ದಳು. ಇರಬಹುದು.

ತೊಂಬತ್ತೆಂಟರ ಹೊತ್ತಿಗೆ ಮುನ್ನೂರು ಮುನ್ನೂರು ಮೊಟ್ಟೆಯ ಎರಡು ಮೆಷಿನ್. ಗುಬ್ಬಿ ಕಡೆಯ ಹಳ್ಳಿಗಳಲ್ಲಿ "ಬೇಗಂ ಮರಿ" ಅಂದರೆ ಸಾಕು, ಜನ ಬುಟ್ಟಿ ಹಿಡಿದು ಬರುತ್ತಿದ್ದರು. ಬಸ್ಸಿನಲ್ಲಿ ಪಾಷಾ ರಟ್ಟಿನ ಪೆಟ್ಟಿಗೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಚೇಳೂರಿಗೆ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಆ ವರ್ಷ ನವೆಂಬರಿನಲ್ಲಿ ಕಡಬದ ಮಹಿಳಾ ಸಂಘದ ಹನ್ನೆರಡು ಹೆಂಗಸರು ಐವತ್ತೈವತ್ತು ಮರಿ ಬೇಕೆಂದರು. ಸಂಘಕ್ಕೆ ನೆರವು ಕೊಡುವವರು ಒಂದು ಇಂಗ್ಲಿಷ್ ಪುಸ್ತಕ ಕೊಟ್ಟು, ಮರಿಗೆ ಎಷ್ಟು ಶಾಖ ಬೇಕು ಅನ್ನುವುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮರಿಯ ಜೊತೆ ಕೊಡಬೇಕು ಅಂತ ಕಡ್ಡಾಯ ಮಾಡಿದರು. ಬೇಗಂ ಪುಸ್ತಕ ತಂದು ನನ್ನ ಟೇಬಲ್ ಮೇಲಿಟ್ಟರು.

"ಮಾಸ್ಟ್ರೇ, ಇದ್ರಲ್ಲಿ ಎಲ್ಲಾ ಸೆಲ್ಸಿಯಸ್ಸು. ನಾನು ಹೆಂಗಸ್ರಿಗೆ ಕೊಡೋ ಥರ್ಮಾಮೀಟರ್ ಫ್ಯಾರನ್‌ಹೀಟು. ಬದಲಾಯ್ಸಿ ನೀಟಾಗಿ ಬರ್ದುಕೊಡಿ."

ಇಷ್ಟು ಸುಲಭದ ಕೆಲಸಕ್ಕೆ ನನ್ನಂಥವನು ಬೇಕೇ ಅಂತ ಒಳಗೊಳಗೇ ಬೀಗಿದೆ. ಪುಸ್ತಕದಲ್ಲಿ ಇದ್ದದ್ದು ಎರಡೇ ಮಾತು. ಮೊದಲ ವಾರ ಮರಿಯ ಗೂಡು ಮೂವತ್ತೈದು ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಸೆಲ್ಸಿಯಸ್ ಇಳಿಸುತ್ತಾ ಬರಬೇಕು. ಸೂತ್ರ ನನ್ನ ಕ್ಲಾಸಿನ ಗೋಡೆಯ ಮೇಲೇ ಪೇಂಟಿನಲ್ಲಿ ಬರೆಸಿದ್ದೆ: ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು, ಮೂವತ್ತೆರಡು ಕೂಡಿಸು. ಮೂವತ್ತೈದನ್ನು ಹಾಕಿದೆ, ತೊಂಬತ್ತೈದು ಬಂತು. ಸರಿ. ಮೂರನ್ನು ಹಾಕಿದೆ. ಐದು ಪಾಯಿಂಟ್ ನಾಲ್ಕು, ಕೂಡಿಸು ಮೂವತ್ತೆರಡು, ಮೂವತ್ತೇಳು ಪಾಯಿಂಟ್ ನಾಲ್ಕು. ವಾರಕ್ಕೆ ಅಷ್ಟು ಇಳಿಸುವುದು ಅಂತ ಬರೆದೆ. ಬರೆಯುವಾಗ ಒಂದು ಕ್ಷಣವಾದರೂ ಯೋಚಿಸಬಾರದಿತ್ತೇ ಅಂತ ನೀವು ಕೇಳಬಹುದು. ಸೂತ್ರ ಗೊತ್ತಿರುವವನು ಯೋಚಿಸುವುದಿಲ್ಲ ಸ್ವಾಮಿ, ಅದಕ್ಕೇ ಸೂತ್ರ ಇರುವುದು.

ಸಾಲದ್ದಕ್ಕೆ ಅದು ರಾಜ್ಯೋತ್ಸವದ ತಿಂಗಳು. ಕನ್ನಡಾಭಿಮಾನ ನೆತ್ತಿಗೇರಿತ್ತು. ಅಂಕಿಗಳನ್ನೂ ಕನ್ನಡದಲ್ಲೇ ಬರೆದೆ. ೯೫. ೩೭.೪. ಮೇಲೆ "ಖುರ್ಷಿದಾ ಬೇಗಂ ಮರಿ ಕೇಂದ್ರ" ಅಂತ ದಪ್ಪ ಅಕ್ಷರ. ಪ್ರೆಸ್ಸಿನಿಂದ ಅಚ್ಚಾಗಿ ಬಂದ ಕಾರ್ಡನ್ನು ಬೇಗಂ ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ ಮಾಸ್ಟ್ರೇ" ಅಂದರು. ಏನೂ ಕೇಳಲಿಲ್ಲ.

ಹನ್ನೆರಡು ಹೆಂಗಸರಿಗೂ ಕಾರ್ಡು ಹೋಯಿತು. ಹನ್ನೊಂದು ಜನಕ್ಕೆ ಓದು ಬಾರದು. ಅವರು ಅದನ್ನು ದೇವರ ಫೋಟೋ ಪಕ್ಕ ಸಿಕ್ಕಿಸಿ, ಬೇಗಂ ಬಾಯಲ್ಲಿ ಹೇಳಿದ್ದನ್ನು ಮಾಡಿದರು. ಬೇಗಂ ಹೇಳಿದ್ದು ಇಷ್ಟೇ: ವಾರಕ್ಕೊಂದು ಸಲ ಬಲ್ಬನ್ನು ಒಂದು ಗೇಣು ಮೇಲೆತ್ತಿ. ಮರಿ ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ, ದೂರ ಓಡಿದರೆ ಸೆಕೆ. ಅವರ ಮರಿಗಳು ಚೆನ್ನಾಗಿ ಬೆಳೆದವು.

ಹನ್ನೆರಡನೆಯವರು ಪುಟ್ಟತಾಯಮ್ಮ. ನಲವತ್ತೈದರ ವಯಸ್ಸಿನಲ್ಲಿ ಸಾಕ್ಷರತೆ ಕ್ಲಾಸಿಗೆ ಸೇರಿ, ಎರಡು ವರ್ಷ ಪಟ್ಟು ಹಿಡಿದು ಅಕ್ಷರ ಕಲಿತವರು. ಕನ್ನಡ ಅಂಕಿಯೂ ಬರುತ್ತಿತ್ತು, ಬಸ್ಸಿನ ನಂಬರಿನ ಅಂಕಿಯೂ ಬರುತ್ತಿತ್ತು. ಪಾಠದ ಪುಸ್ತಕ ಬಿಟ್ಟರೆ ಅವರ ಕೈಗೆ ಬಂದ ಮೊದಲನೆಯ ಅಚ್ಚಿನ ಕಾಗದ ನನ್ನ ಕಾರ್ಡು. ಅದನ್ನು ಬಾಯಿಪಾಠ ಮಾಡಿದರು. ಎರಡನೆಯ ವಾರ ಬಂದಾಗ ಪಾಯಿಂಟು ಬಿಟ್ಟು ಗೋಡೆಯ ಮೇಲೆ ಇದ್ದಿಲಲ್ಲಿ ಕಳೆದರು. ತೊಂಬತ್ತೈದರಲ್ಲಿ ಮೂವತ್ತೇಳು ಹೋದರೆ ಐವತ್ತೆಂಟು. ಬಲ್ಬು ಆರಿಸಿದರು. ಥರ್ಮಾಮೀಟರ್ ಐವತ್ತೆಂಟಕ್ಕೆ ಇಳಿಯಲಿಲ್ಲ. ಕಿಟಕಿ ತೆಗೆದರು. ಆಗಲೂ ಇಳಿಯಲಿಲ್ಲ. ಗೂಡಿನ ನಾಲ್ಕು ಸುತ್ತ ಒದ್ದೆ ಗೋಣಿಚೀಲ ಕಟ್ಟಿದರು. ಡಿಸೆಂಬರ್ ಚಳಿಗೆ ಕೊನೆಗೆ ಇಳಿಯಿತು. ಮೂರು ದಿನದಲ್ಲಿ ಐವತ್ತು ಮರಿಯಲ್ಲಿ ನಲವತ್ಮೂರು ಸತ್ತವು. ಉಳಿದ ಏಳನ್ನು ಪುಟ್ಟತಾಯಮ್ಮ ಒಲೆಯ ಪಕ್ಕ ಇಟ್ಟುಕೊಂಡು ಕೂತರಂತೆ. ಇದನ್ನು ನನಗೆ ಹೇಳುವಾಗ ಬೇಗಂ ನಗಲಿಲ್ಲ. ನನಗೆ ಈಗ ಬರೆಯುವಾಗಲೂ ಸಂಕಟವಾಗುತ್ತದೆ.

ಪುಟ್ಟತಾಯಮ್ಮ ನಾಚಿಕೆಯಿಂದ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಹೊಸ ವರ್ಷದ ಹೊತ್ತಿಗೆ ಸುದ್ದಿ ಹೊರಬಿತ್ತು. ಬೇಗಂ ಮರಿಗೆ ರೋಗ, ಇವತ್ತು ಅವಳ ಮನೆಗೆ ಬಂದದ್ದು ನಾಳೆ ನಮ್ಮ ಮನೆಗೂ ಬರುತ್ತೆ ಅಂತ ಕಡಬದಲ್ಲಿ ಗುಲ್ಲೆದ್ದಿತು. ಅಷ್ಟರಲ್ಲಿ ಬೇಗಂ ಮುಂದಿನ ಆರುನೂರು ಮೊಟ್ಟೆಗಳನ್ನು ಮೆಷಿನ್ನಿಗೆ ಹಾಕಿ ಆಗಿತ್ತು. ಅರ್ಧ ಕಡಬಕ್ಕೆ, ಅರ್ಧ ಚೇಳೂರಿಗೆ. ಕಡಬದವರು ಬೇಡ ಅಂದರೆ ನಮಗೂ ಬೇಡ ಅಂತ ಚೇಳೂರಿನವರು ಹೇಳಿ ಕಳಿಸಿದರು. ಮೊಟ್ಟೆಗೆ ಇಪ್ಪತ್ತೊಂದು ದಿನ, ತಡಿ ಅಂದರೆ ತಡೆಯುವುದಿಲ್ಲ. ಜನವರಿ ಹದಿನಾರು ಶನಿವಾರ ಆರುನೂರೂ ಒಡೆಯುತ್ತವೆ. ಒಡೆದು ಬಂದ ಮರಿಯನ್ನು ಎರಡು ದಿನದ ಮೇಲೆ ಇಟ್ಟುಕೊಳ್ಳಲು ಆ ಮನೆಯಲ್ಲಿ ಜಾಗವೂ ಇಲ್ಲ, ಗೂಡೂ ಇಲ್ಲ.

ಬೇಗಂ ಕಡಬಕ್ಕೆ ಹೋಗಿ, ಒದ್ದೆ ಗೋಣಿಚೀಲ ನೋಡಿ, ಪುಟ್ಟತಾಯಮ್ಮನ ಕಾರ್ಡು ಇಸಿದುಕೊಂಡು ಸೀದಾ ನನ್ನ ಮಹಡಿ ಹತ್ತಿದರು.

"ಇಲ್ಲಿ ಏನ್ ಬರ್ದಿದೀರಿ, ಓದಿ ಮಾಸ್ಟ್ರೇ."

"ವಾರಕ್ಕೆ ಮೂವತ್ತೇಳು ಪಾಯಿಂಟ್ ನಾಲ್ಕು ಡಿಗ್ರಿ ಇಳಿಸುವುದು."

"ಮೂವತ್ತೇಳಾ! ಯಾ ಅಲ್ಲಾ! ಮೊದ್ಲು ತೊಂಬತ್ತೈದು. ಮುಂದಿನ ವಾರ ಐವತ್ತೆಂಟು. ಅದ್ರ ಮುಂದಿನ ವಾರ ಇಪ್ಪತ್ತು. ಇಪ್ಪತ್ತಕ್ಕೆ ಕಡಬದ ಕೆರೇನೇ ಐಸ್ ಆಗುತ್ತಲ್ರೀ! ಮರಿ ಮೇಲೆ ಸ್ವೆಟರ್ ಹಾಕ್ಬೇಕಾ?"

"ಸೂತ್ರದ ಪ್ರಕಾರ ಸರಿಯಾಗೇ ಇದೆ" ಅಂದೆ. ಗೋಡೆಯನ್ನೂ ತೋರಿಸಿದೆ.

ಬೇಗಂ ಸೂತ್ರ ನೋಡಲಿಲ್ಲ, ನನ್ನನ್ನೇ ನೋಡಿದರು. ನಮ್ಮ ಕ್ಲಾಸಿನ ಕೂಗು ಗೋಡೆಯಾಚೆ ಕೇಳಿ ಕೇಳಿ ಅವರಿಗೆ ಆ ಸೂತ್ರ ಎಂದೋ ಬಾಯಿಪಾಠವಾಗಿತ್ತು. ಆಮೇಲೆ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದರು. ನಮ್ಮ ಮನೆಗೆ ಎತ್ತರದ ಜಗಲಿ ಇದೆ. ಅವರ ಮನೆ ನೆಲಕ್ಕೇ ಹತ್ತಿಕೊಂಡಿದೆ.

"ನಿಮ್ಮ ಮನೆ ಜಗಲಿ ಮೇಲೆ ನಿಂತಿದೆ, ನಮ್ದು ನೆಲದ ಮೇಲೆ. ನಿಮ್ದು ಫ್ಯಾರನ್‌ಹೀಟು, ನಮ್ದು ಸೆಲ್ಸಿಯಸ್ಸು ಅಂದ್ಕೊಳ್ಳಿ. ನೀವು ಎಷ್ಟು ಎತ್ತರದಲ್ಲಿ ನಿಂತಿದೀರಿ ಅಂತ ಹೇಳ್ಬೇಕಾದ್ರೆ ಜಗಲೀನೂ ಸೇರಿಸ್ಬೇಕು, ಒಪ್ಕೋತೀನಿ. ಆದ್ರೆ ಮೂರು ಮೆಟ್ಲು ಇಳಿದೆ ಅನ್ನೋಕೆ ಜಗಲಿ ಯಾಕೆ? ನಿಮ್ಮನೇಲಿ ಇಳಿದ್ರೂ ಇಳಿದಿದ್ದೇ, ನಮ್ಮನೇಲಿ ಇಳಿದ್ರೂ ಇಳಿದಿದ್ದೇ. ನಿಮ್ಮ ಮೆಟ್ಲು ಚಿಕ್ಕದು, ಅದಕ್ಕೆ ಐದು ಕಡೆ ಒಂಬತ್ತು ಎಣಿಸ್ಬೇಕು, ಅಷ್ಟೇ. ಈ ಮೂವತ್ತೆರಡು ಜಗಲಿ ಮಾಸ್ಟ್ರೇ. ಜಗಲಿ ತಲೆ ಮೇಲೆ ಹೊತ್ಕೊಂಡು ಮೆಟ್ಲು ಇಳಿಯೋರು ಈ ತುಮಕೂರಲ್ಲಿ ನೀವೊಬ್ರೇ."

ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಕಿವಿಯವರೆಗೂ ಬಿಸಿಯೇರಿತು. ಹದಿನೆಂಟು ವರ್ಷ ಪಾಠ ಮಾಡಿದ್ದೆ, ಇಷ್ಟು ಸ್ಪಷ್ಟವಾಗಿ ಯಾವತ್ತೂ ಹೇಳಿರಲಿಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಬಂತು.

"ಗಣಿತ ನನಗೆ ಹೇಳಿಕೊಡಬೇಡಿ. ನಿಮ್ಮ ಮರಿಗೇ ಏನೋ ರೋಗ ಇರಬೇಕು" ಅಂದುಬಿಟ್ಟೆ.

ಬೇಗಂ ಮುಖ ಸಣ್ಣದಾಯಿತು. ಕಾರ್ಡು ಎತ್ತಿಕೊಂಡು ಇಳಿದುಹೋದರು. ನಾನು ಕ್ಲಾಸಿಗೆ ಹಿಂತಿರುಗಿ ಆ ಸೂತ್ರದ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದೆ.

ಸಂಘದ ಸಭೆ ಹದಿನೈದನೇ ತಾರೀಖು ಶುಕ್ರವಾರ ಅಂತ ಗೊತ್ತಾಯಿತು. ಮರಿ ಬೇಕೋ ಬೇಡವೋ ಅಂತ ಅವತ್ತು ತೀರ್ಮಾನ. ಮಾರನೆ ದಿನವೇ ಮೊಟ್ಟೆ ಒಡೆಯುವುದು. ಕಾರ್ಡು ತಪ್ಪು ಅಂತ ಬೇಗಂ ತಾವೇ ಹೇಳಿದರೆ, ತನ್ನ ಮರಿ ಉಳಿಸಿಕೊಳ್ಳಲು ಕಾಗದದ ಮೇಲೆ ಹಾಕುತ್ತಿದ್ದಾಳೆ ಅನ್ನುತ್ತಾರೆ. ಬರೆದವನೇ ಬಂದು ಹೇಳಬೇಕಿತ್ತು. ಬರೆದವನು ಬೇಗಂ ಕಣ್ಣಿಗೆ ಬೀಳದ ಹಾಗೆ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದ.

ಸೋಮವಾರ ನನಗೆ ಜ್ವರ ಬಂತು. ಬೆಳಿಗ್ಗೆ ಸುಧಾ ಮನೆಯ ಥರ್ಮಾಮೀಟರಿನಲ್ಲಿ ನೋಡಿದಾಗ ನೂರಾ ಮೂರು. ಡಾಕ್ಟರ ಹತ್ತಿರ ಇದ್ದದ್ದು ಸೆಲ್ಸಿಯಸ್ ಥರ್ಮಾಮೀಟರ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ, "ಒಂದೂವರೆ ಡಿಗ್ರಿ ಇಳಿದಿದೆ" ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನಾನು ಮನೆಗೆ ಬಂದು ಕಂಬಳಿ ಹೊದ್ದು ಮಲಗಿದೆ.

ಸ್ವಲ್ಪ ಹೊತ್ತಿಗೆ ಖುರ್ಷಿದ್ ಪಾಷಾ ಬಂದರು. ಚಪ್ಪಲಿ ಬಿಟ್ಟರು, ಜೇಬಿನಿಂದ ಬಡಗಿಯ ಟೇಪು ತೆಗೆದರು, ನನ್ನ ನೆತ್ತಿಯಿಂದ ಅಂಗಾಲಿನವರೆಗೆ ಅಳೆದರು.

"ಐದಡಿ ಆರಿಂಚು!" ಅಂತ ಕಾಂಪೌಂಡ್ ಕಡೆ ತಿರುಗಿ ಕೂಗಿದರು. ಆಮೇಲೆ ಭುಜದ ಅಗಲವನ್ನೂ ಅಳೆದರು.

"ಏನ್ರೀ ಪಾಷಾ ಇದು?"

"ನಂಗೇನೂ ಗೊತ್ತಿಲ್ಲ ಸಾರ್. ಅವ್ರು ಹೇಳಿದ್ರು." ಆ ಮನೆಯಲ್ಲಿ ಅವರು ಅಂದರೆ ಒಬ್ಬರೇ.

ಹಿಂದೆಯೇ ಅವರು ಬಂದರು. ಕೈಯಲ್ಲಿ ಡಾಕ್ಟರ ಚೀಟಿ. ಸುಧಾನೇ ಓದಿ ಹೇಳಿ ಕೊಟ್ಟಿದ್ದಳು, ದ್ರೋಹಿ. ಬೇಗಂ ಸೆರಗು ತಲೆ ಮೇಲೆ ಎಳೆದುಕೊಂಡು, ಮುಖ ಇಳಿಬಿಟ್ಟುಕೊಂಡು ಚಾಪೆಯ ಮೇಲೆ ಕೂತರು.

"ಸುಧಮ್ಮ, ಮಾಸ್ಟ್ರು ಹೋಗಿ ಎಷ್ಟೊತ್ತಾಯ್ತು?"

"ಎಲ್ಲಿಗೆ ಬೇಗಮಕ್ಕ?"

"ಮೇಲಕ್ಕೆ."

"ಅಯ್ಯೋ, ಬಿಡ್ತು ಅನ್ನಿ!"

"ಬಿಡ್ತು, ಬಿಡ್ತು. ನಾನೇನ್ ಮಾಡ್ಲಿ ತಾಯಿ, ಲೆಕ್ಕ ಹಂಗೇ ಹೇಳುತ್ತೆ. ಬೆಳಿಗ್ಗೆ ನೂರಾ ಮೂರು ಇತ್ತಲ್ವಾ? ಸಂಜೆಗೆ ಒಂದೂವರೆ ಸೆಲ್ಸಿಯಸ್ ಇಳೀತು. ಅದನ್ನ ಮಾಸ್ಟ್ರ ಸೂತ್ರಕ್ಕೆ ಹಾಕಿ. ಒಂದೂವರೆಗೆ ಎರಡು ಪಾಯಿಂಟ್ ಏಳು, ಅದಕ್ಕೆ ಮೂವತ್ತೆರಡು ಕೂಡಿಸಿ. ಎಷ್ಟು?"

"ಮೂವತ್ನಾಲ್ಕು ಪಾಯಿಂಟ್ ಏಳು" ಅಂದಳು ಸುಧಾ. ಅವಳ ಬಾಯಿ ಆಗಲೇ ಅದುರುತ್ತಿತ್ತು.

"ನೂರಾ ಮೂರರಲ್ಲಿ ಅದನ್ನ ಕಳೀರಿ."

"ಅರವತ್ತೆಂಟು... ಚಿಲ್ರೆ."

"ಅರವತ್ತೆಂಟು! ನಮ್ಮನೆ ಮಡಿಕೆ ನೀರೂ ಇಷ್ಟು ತಣ್ಣಗಿರಲ್ಲ. ಈ ಮನುಷ್ಯ ಮಧ್ಯಾಹ್ನಾನೇ ಹೋಗ್ಬಿಟ್ಟವ್ರೆ. ಪಾಪ, ಅವ್ರಿಗೇ ಯಾರೂ ಹೇಳಿಲ್ಲ. ಅದಕ್ಕೇ ನಮ್ಮ ಯಜಮಾನ್ರನ್ನ ಚಟ್ಟಕ್ಕೆ ಅಳತೆ ತಗೊಳ್ಳಿ ಅಂತ ಕಳಿಸ್ದೆ. ಪಕ್ಕದ್ಮನೆಯೋರು, ಇಷ್ಟಾದ್ರೂ ಮಾಡ್ದೇ ಹೋದ್ರೆ ಹೆಂಗೆ?"

ಸುಧಾ ನೆಲದ ಮೇಲೆ ಕೂತು ನಕ್ಕಳು. ಪಾಷಾ ಗೋಡೆ ಕಡೆ ತಿರುಗಿದರು, ಅವರ ಭುಜ ಕುಣಿಯುತ್ತಿತ್ತು. ನಾನು ಎದ್ದು ಕೂತೆ. ಕೂತೆ ಅಷ್ಟೇ, ಬೀಳಲಿಲ್ಲ.

"ನಾನು ಬದುಕಿದ್ದೀನಿ ಕಣ್ರೀ!"

"ಸಾಬೀತು ಮಾಡಿ. ಎಷ್ಟು ಇಳಿದಿದೆ ಜ್ವರ?"

"ಎರ್ಡು ಪಾಯಿಂಟ್ ಏಳು."

"ಮೂವತ್ತೆರಡು?"

"ಬೇಡ."

"ಏನಂದ್ರಿ? ಸತ್ತೋರ ಮಾತು ಸರಿಯಾಗಿ ಕೇಳ್ಸಲ್ಲ."

"ಬೇಡ ಅಂದೆ! ವ್ಯತ್ಯಾಸಕ್ಕೆ ಮೂವತ್ತೆರಡು ಬೇಡ! ನಂದೇ ತಪ್ಪು! ಆಯ್ತಾ?"

ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅವತ್ತಿನಿಂದಲೇ ಈ ಕಥೆಗೆ ಕೈಕಾಲು ಬಂದದ್ದು. ಬೇಗಂ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಅವರ ಮುಖದಲ್ಲಿ ತುಂಟತನ ಹೋಗಿತ್ತು.

"ಮಾಸ್ಟ್ರೇ, ನಂಗೆ ಭಯ ಆಗ್ತಿದೆ. ಇವತ್ತು ಮೊಟ್ಟೆ ಕಿವಿಗಿಟ್ಟು ನೋಡ್ದೆ, ಒಳಗೆ ಆಗ್ಲೇ ಅಲ್ಲಾಡ್ತವೆ. ಶನಿವಾರ ಆರುನೂರು ಜೀವ ಬಾಯಿ ತೆಕ್ಕೊಂಡು ಹೊರಗೆ ಬರ್ತವೆ, ನಾನು ಅವಕ್ಕೆ ಎಲ್ಲಿ ಅಂತ ಜಾಗ ಮಾಡ್ಲಿ? ಎಂಟು ವರ್ಷ ಕಣ್ರೀ ಆ ಹೆಸ್ರು ಮಾಡೋಕೆ. ಶುಕ್ರವಾರ ಬಂದು ಇದೇ ಮಾತು ಕಡಬದಲ್ಲಿ ಹೇಳಿ. ಕೈ ಮುಗೀತೀನಿ."

ಬರುತ್ತೇನೆ ಅಂದೆ.

ಹೋದೆ ಕೂಡ. ಸಂಕ್ರಾಂತಿಯ ಮಾರನೆ ದಿನ, ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಬೇಗಂ, ಪಾಷಾ, ನಾನು ಮೂವರೂ ಕಡಬ ತಲುಪಿದೆವು. ಆದರೆ ನಿಮಗೆ ಸುಳ್ಳು ಹೇಳಿ ಏನಾಗಬೇಕು, ದಾರಿಯುದ್ದಕ್ಕೂ ನಾನು ಒಂದು ವಾಕ್ಯ ಕಟ್ಟುತ್ತಿದ್ದೆ. "ಅಚ್ಚಿನಲ್ಲಿ ಸಣ್ಣ ತಪ್ಪಾಗಿದೆ." ಪ್ರೆಸ್ಸಿನವನು ಅಲ್ಲಿಗೆ ಬರುವುದಿಲ್ಲ. ಬೇಗಂ ಮರಿ ಉಳಿಯುತ್ತವೆ. ನನ್ನ ಬಿ.ಎಸ್ಸಿ.ಯೂ ಉಳಿಯುತ್ತದೆ. ಯಾರಿಗೇನು ನಷ್ಟ?

ಶಾಲೆಯ ವರಾಂಡದಲ್ಲಿ ಹೆಂಗಸರು ಸೇರಿದ್ದರು. ಸಂಘದ ಅಧ್ಯಕ್ಷೆ ನರಸಿಂಹಮ್ಮ ನೇರವಾಗಿ ವಿಷಯಕ್ಕೆ ಬಂದರು. "ನೋಡವ್ವ ಬೇಗಮ್ಮ, ನಿನ್ ಮೇಲೆ ನಮ್ಗೇನು ದ್ವೇಷ ಇಲ್ಲ. ಆದ್ರೆ ನಲವತ್ಮೂರು ಮರಿ ಸುಮ್ಸುಮ್ನೆ ಸಾಯಲ್ಲ. ರೋಗ ಇಲ್ದೇ ಇದ್ರೆ ಇನ್ನೇನು ಅಂತ ಹೇಳು. ಇಲ್ಲಾಂದ್ರೆ ನಾಳೆ ಮರಿ ತರ್ಬೇಡ."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕಂಬದ ಹತ್ತಿರ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತರು. ಅವರೇ ಪುಟ್ಟತಾಯಮ್ಮ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಕಾರ್ಡನ್ನು ಬೇಗಂ ಹಿಂದಕ್ಕೆ ಕೊಟ್ಟಿದ್ದರು, ಅದು ಅವರ ಕೈಯಲ್ಲಿತ್ತು.

"ಬೇಗಮ್ಮಂದು ತಪ್ಪಿಲ್ಲ. ಮರಿ ಗಟ್ಟಿಮುಟ್ಟಾಗೇ ಇದ್ವು. ನಾನೇ ಕಾರ್ಡು ತಪ್ಪಾಗಿ ಓದ್ಕೊಂಡಿರ್ಬೇಕು. ಮೊನ್ನೆ ಮೊನ್ನೆ ಅಕ್ಷರ ಕಲ್ತೋಳು ನಾನು. ಅಚ್ಚಿನಲ್ಲಿ ತಪ್ಪು ಇರಕ್ಕಾಯ್ತದಾ? ನನ್ ತಲೇನೇ ಸರಿ ಇಲ್ಲ. ಇನ್ಮೇಲೆ ಓದಕ್ ಹೋಗಲ್ಲ ಬುಡಿ."

ಪಕ್ಕದಲ್ಲಿದ್ದ ಕರಿಬಸಮ್ಮ ಕಿಸಕ್ಕನೆ ನಕ್ಕರು. "ಈ ವಯಸ್ನಾಗೆ ಇವ್ಳಿಗೆ ಓದು ಬೇರೆ ಕೇಡು. ನಮ್ಗೆ ಓದು ಬರಲ್ಲ, ನಮ್ ಮರಿ ಬದ್ಕವೆ!" ಎಲ್ಲರೂ ನಕ್ಕರು. ಪುಟ್ಟತಾಯಮ್ಮ ತಲೆ ತಗ್ಗಿಸಿ ಕಾರ್ಡನ್ನು ನಾಲ್ಕು ಮಡಿಕೆ ಮಾಡಲು ಶುರುಮಾಡಿದರು.

ಅಲ್ಲಿಗೆ ಎಲ್ಲವೂ ಮುಗಿದಿತ್ತು. ನರಸಿಂಹಮ್ಮ, "ಹಂಗಾ ಸಮಾಚಾರ? ಹಂಗಾದ್ರೆ ಮರಿ ತಗೊಳ್ಳೋಕೆ ನಮ್ದೇನೂ ಅಭ್ಯಂತರ ಇಲ್ಲ" ಅಂದೂಬಿಟ್ಟರು. ನಾನು ಬಾಯಿ ಬಿಡುವುದೇ ಬೇಕಿರಲಿಲ್ಲ. ನಾಚಿಕೆಗೆಟ್ಟವನು ನಾನು, ನನಗೆ ಹಗುರವಾಯಿತು. ಬೇಗಂ ಕಡೆ ನೋಡಿದೆ. ಆರುನೂರು ಮರಿ ಉಳಿದವು, ಹೆಸರು ಉಳಿಯಿತು, ಅವರು ಸುಮ್ಮನಿದ್ದರೆ ಸಾಕಿತ್ತು.

ಬೇಗಂ ಎದ್ದರು.

"ಪುಟ್ಟತಾಯಮ್ಮನ ತಲೆ ಸರಿಯಾಗೇ ಇದೆ. ಆ ಕಾರ್ಡಿನ ಮೇಲೆ ಇರೋದು ನನ್ನ ಹೆಸ್ರು. ಅದ್ರಲ್ಲಿ ಏನಿದೆ ಅಂತ ಕೇಳ್ದೇ ನಿಮಗೆಲ್ಲ ಹಂಚ್ದೋಳು ನಾನು. ನಂಗೆ ಕನ್ನಡ ಅಂಕಿ ಬರಲ್ಲ ಕಣವ್ವ. ಓದಿ ಹೇಳಿ ಅಂತ ಬರ್ದೋರನ್ನ ಕೇಳೋಕೆ ನಾಚಿಕೆ ಆಯ್ತು. ಚೆನ್ನಾಗಿದೆ ಅಂದ್ಬಿಟ್ಟೆ. ನಲವತ್ಮೂರು ಮರಿ ಸತ್ತಿದ್ದು ನನ್ನ ನಾಚಿಕೆಯಿಂದ. ಇಷ್ಟು ಕೇಳಿದ್ಮೇಲೂ ಮರಿ ಬೇಕು ಅಂದ್ರೆ ತರ್ತೀನಿ, ಬೇಡ ಅಂದ್ರೆ ಬೇಡ."

ನಗು ನಿಂತುಹೋಯಿತು. ಬೇಗಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬರೆದವನು ಯಾರು ಅಂತ ಹೆಸರೂ ಹೇಳಲಿಲ್ಲ. ಪಾಷಾ ಮಾತ್ರ ನನ್ನ ಮೊಣಕೈಯನ್ನು ಮೆಲ್ಲಗೆ ತಿವಿದರು. ಜನ್ಮದಲ್ಲಿ ಆ ಮನುಷ್ಯ ನನಗೆ ಆಡಿದ ಅತಿ ದೊಡ್ಡ ಮಾತು ಅದು.

ನಾನು ಎದ್ದು ನಿಂತೆ. ಕಟ್ಟಿಟ್ಟುಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ.

"ಬರೆದವನು ನಾನು" ಅಂದೆ. "ಅಚ್ಚಿನ ತಪ್ಪಲ್ಲ, ನನ್ನ ತಪ್ಪು. ವಾರಕ್ಕೆ ಐದೂವರೆ ಡಿಗ್ರಿ ಇಳಿಸಬೇಕಾಗಿತ್ತು. ನಾನು ಬೇಡದ ಮೂವತ್ತೆರಡನ್ನು ಸೇರಿಸಿ ಮೂವತ್ತೇಳು ಅಂತ ಬರೆದೆ. ಹತ್ತು ದಿನದ ಹಿಂದೆಯೇ ಗೊತ್ತಾಗಿತ್ತು, ಒಪ್ಪಿಕೊಂಡಿರಲಿಲ್ಲ. ಬೇಗಂ ಅವರ ಮರಿಯಲ್ಲಿ ರೋಗ ಇಲ್ಲ. ಪುಟ್ಟತಾಯಮ್ಮನವರೇ, ನಿಮ್ಮ ಮರಿ ಸಾಯಿಸಿದವನು ನಾನು."

ನರಸಿಂಹಮ್ಮ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಪುಟ್ಟತಾಯಮ್ಮ ಮಡಿಸಿದ್ದ ಕಾರ್ಡನ್ನು ಬಿಚ್ಚಿ, ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು ಆ ಸಾಲನ್ನು ಮತ್ತೆ ಓದಿದರು. ಬೈಗುಳಕ್ಕೆ ನಾನು ತಯಾರಾದೆ.

"ಸಾ, ಇಲ್ಲಿ ಮೂವತ್ತೇಳು ಪಾಯಿಂಟು ನಾಕು ಅಂತ ಇರೋದು, ಅಲ್ವಾ?"

"ಹೌದಮ್ಮ."

"ನಾನೂ ಹಂಗೇ ಓದ್ದೆ. ಅಂದ್ರೆ ನಾನು ಓದಿದ್ದು ಸರಿನಾ?"

"ಒಂದಕ್ಷರ ತಪ್ಪಿಲ್ಲದೆ ಓದಿದ್ದೀರಿ ತಾಯಿ."

ಪುಟ್ಟತಾಯಮ್ಮ ನನ್ನನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ತಿರುಗಿದರು.

"ಕೇಳಿಸ್ಕೊಂಡ್ಯೇನೇ, ಕರಿಬಸಮ್ಮ?"